ಅಳಿಸಿದಷ್ಟೂ ಮರಳಿ ಬರುವ ಇಗ್ನಿಷನ್ ಕೋಡ್: ಹಳೆಯ ಕಾರಿನಲ್ಲಿ ಮೂಲ ದೋಷ ಹಿಡಿಯುವ ಸಮಗ್ರ ಮಾರ್ಗದರ್ಶಿ

ಎರಡನೇ ಸಿಲಿಂಡರಿನ ಕಾಯಿಲನ್ನು, ಅಂದರೆ ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ಭಾಗವನ್ನು, ನಾನು ಎರಡು ಸಲ ಬದಲಾಯಿಸಿದ್ದೆ. ಎರಡು ಸಲವೂ ಕೋಡ್ ಅಳಿಸಿದ ಮೇಲೆ ಗಾಡಿ ಏನೂ ಆಗಿಲ್ಲವೆಂಬಂತೆ ಓಡಿತು. ಹತ್ತು ಹನ್ನೆರಡು ದಿನ ಕಳೆಯುವಷ್ಟರಲ್ಲಿ ಅದೇ ಹಳದಿ ಚೆಕ್ ಎಂಜಿನ್ ದೀಪ, ಸ್ಕ್ಯಾನರಿನಲ್ಲಿ ಅದೇ ದೋಷದ ಕೋಡ್, ಪಿ0352. ಮೂರನೇ ಕಾಯಿಲ್ ತರಲು ಹೊರಟವನು ಬಾಗಿಲಲ್ಲೇ ನಿಂತು, ಆ ಕೋಡಿನ ವಿವರಣೆಯನ್ನು ಮತ್ತೊಮ್ಮೆ ಓದಿದೆ. ‘ಕಾಯಿಲ್ ಕೆಟ್ಟಿದೆ’ ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ‘ಕಾಯಿಲ್ ಬಿ ಸರ್ಕ್ಯೂಟಿನಲ್ಲಿ ದೋಷ’ ಅಂತಿತ್ತು. ಸರ್ಕ್ಯೂಟ್ ಅಂದಮೇಲೆ ಕಾಯಿಲ್ ಅದರಲ್ಲೊಂದು ಭಾಗ ಅಷ್ಟೆ. ಕರೆಂಟ್ ತರುವ ಫ್ಯೂಸು, ರಿಲೇ, ವೈರು, ಕನೆಕ್ಟರು, ಅರ್ತಿಂಗು, ಕೊನೆಗೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಒಳಗಿನ ಸ್ವಿಚ್ಚು, ಇಷ್ಟೂ ಅದರೊಳಗೇ ಬಂತು.

ಹಟ ಹಿಡಿದು ಕೂತ ಇಗ್ನಿಷನ್ ಕೋಡ್‌ಗಳಲ್ಲಿ ನಾನು ಕಂಡ ಬಹುಪಾಲು ಹೀಗೆಯೇ. ಕೋಡ್ ಒಂದು ಲಕ್ಷಣ ಹೇಳುತ್ತದೆ, ನಾವು ಅದನ್ನು ಬಿಡಿಭಾಗದ ಹೆಸರು ಅಂದುಕೊಂಡು ಅಂಗಡಿಗೆ ಓಡುತ್ತೇವೆ. ಕೆಳಗಿರುವ ಕ್ರಮ ಬಿಚ್ಚುವ ಕೆಲಸ ಕಡಿಮೆ ಇರುವಲ್ಲಿಂದ ಶುರುವಾಗಿ ಹೆಚ್ಚು ಇರುವ ಕಡೆಗೆ ಹೋಗುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಮಾತ್ರ ಇದು ಅನ್ವಯ. ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ.

ಕೈ ಹಾಕುವ ಮುಂಚೆ

ಕಾಯಿಲಿನಿಂದ ಪ್ಲಗ್ಗಿಗೆ ಹೋಗುವ ವೋಲ್ಟೇಜ್ ಸುಮಾರು 20 ಸಾವಿರದಿಂದ 40 ಸಾವಿರದವರೆಗೆ ಇರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಎಂಜಿನ್ ಓಡುತ್ತಿರುವಾಗ ಇದರ ಹತ್ತಿರವೂ ಹೋಗಬಾರದು. ಉಳಿದವರೂ ಕಾಯಿಲನ್ನೋ ಪ್ಲಗ್ ವೈರನ್ನೋ ಕೈಯಲ್ಲಿ ಹಿಡಿದು ಎಂಜಿನ್ ಓಡಿಸಬಾರದು.

ಪ್ಲಗ್ ವೈರ್ ಕಿತ್ತು ಬಾಡಿಯ ಹತ್ತಿರ ಹಿಡಿದು ‘ಕಿಡಿ ಬರ್ತಿದೆಯಾ’ ಅಂತ ನೋಡುವುದು ಕಾರ್ಬ್ಯುರೇಟರ್ ಕಾಲದ ಚಾಳಿ. ಇಸಿಯು ಇರುವ ಗಾಡಿಯಲ್ಲಿ ಅದನ್ನು ಬಿಟ್ಟುಬಿಡಿ. ಹೊರಹೋಗಲು ದಾರಿ ಸಿಗದ ಹೈ ವೋಲ್ಟೇಜ್ ಕಾಯಿಲಿನ ಒಳಗಿನ ಇನ್ಸುಲೇಷನ್ನನ್ನೇ ಸೀಳಿಕೊಂಡು ದಾರಿ ಮಾಡಿಕೊಳ್ಳುತ್ತದೆ, ಕೆಲವೊಮ್ಮೆ ಕಾಯಿಲನ್ನು ಆನ್ ಆಫ್ ಮಾಡುವ ಇಗ್ನೈಟರನ್ನೂ ಸುಡುತ್ತದೆ. ಒಂದು ದೋಷ ಹುಡುಕಲು ಹೋಗಿ ಎರಡಾಗುತ್ತದೆ. ಕಿಡಿ ನೋಡಲು ಸ್ಪಾರ್ಕ್ ಟೆಸ್ಟರ್ ಅಂತಲೇ ಒಂದು ಸಣ್ಣ ಸಲಕರಣೆ ಸಿಗುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಕೋಡಿನ ಜೊತೆಗೆ ಲೈವ್ ಡೇಟಾ ಮತ್ತು ಫ್ರೀಜ್ ಫ್ರೇಮ್ ತೋರಿಸುವ ಸ್ಕ್ಯಾನರ್, ಮಲ್ಟಿಮೀಟರ್, ಎಲ್‌ಇಡಿ ಟೆಸ್ಟ್ ಲ್ಯಾಂಪ್, ಪ್ಲಗ್ ಸಾಕೆಟ್, ಟಾರ್ಕ್ ರೆಂಚ್, ಮತ್ತು ಎರಡು ವೈರ್ ಬೆಸುಗೆ ಹಾಕಿದ ಇಂಡಿಕೇಟರಿನ 21 ವ್ಯಾಟ್ ಬಲ್ಬ್. ಈ ಬಲ್ಬಿನ ಮಹಿಮೆ ಮುಂದೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ಲಿನ ವೈರಿಂಗ್ ಡಯಾಗ್ರಾಮ್. ಅದಿಲ್ಲದೆ ಯಾವ ಬಣ್ಣದ ವೈರ್ ಎಲ್ಲಿಂದ ಬಂತು ಅಂತ ಊಹಿಸುತ್ತಾ ಕೂರಬೇಕಾಗುತ್ತದೆ.

ಓದಿ, ಬರೆದಿಡಿ, ಅಳಿಸಬೇಡಿ

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದ್ದರೆ ಸಾಮಾನ್ಯವಾಗಿ ಅದು ಓಬಿಡಿ-2, ಅಂದರೆ ಎಂಜಿನ್ನಿನ ದೋಷ ಓದಿಸುವ ಪ್ರಮಾಣಿತ ವ್ಯವಸ್ಥೆ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಇದು ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಗಾಡಿಯಾದರೆ ಹಲವುಗಳಲ್ಲಿ ಎರಡು ಪಿನ್ನನ್ನು ವೈರಿನಿಂದ ಜೋಡಿಸಿ, ಚೆಕ್ ಎಂಜಿನ್ ದೀಪ ಎಷ್ಟು ಸಲ ಮಿಟುಕುತ್ತದೆ ಅಂತ ಎಣಿಸಬೇಕು. ಯಾವ ಎರಡು ಪಿನ್ ಅನ್ನುವುದು ತಯಾರಕರಿಂದ ತಯಾರಕರಿಗೆ ಬೇರೆ. ಮ್ಯಾನ್ಯುಯಲ್ ನೋಡದೆ ಜೋಡಿಸಬೇಡಿ.

ಕೋಡ್ ಕಂಡ ತಕ್ಷಣ ‘ಕ್ಲಿಯರ್’ ಒತ್ತಲು ಬೆರಳು ತುರಿಸುತ್ತದೆ. ಒತ್ತಬೇಡಿ. ದೀಪ ಹತ್ತಿದ ಗಳಿಗೆಯಲ್ಲಿ ಎಂಜಿನ್ ಹೇಗಿತ್ತು ಅನ್ನುವುದನ್ನು ಇಸಿಯು ಒಂದು ಫೋಟೋ ಹಿಡಿದಂತೆ ಉಳಿಸಿಟ್ಟಿರುತ್ತದೆ. ಅದೇ ಫ್ರೀಜ್ ಫ್ರೇಮ್. ಆರ್‌ಪಿಎಂ, ಲೋಡ್ (ಎಂಜಿನ್ ಮೇಲಿನ ಭಾರ), ಕೂಲಂಟಿನ ಬಿಸಿ, ಗಾಡಿಯ ವೇಗ, ಫ್ಯೂಯಲ್ ಟ್ರಿಮ್ (ಪೆಟ್ರೋಲನ್ನು ಇಸಿಯು ಶೇಕಡ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಅನ್ನುವುದು), ಎಲ್ಲ ಅದರಲ್ಲಿವೆ. ಕೋಡ್ ಅಳಿಸಿದರೆ ಅದೂ ಹೋಯಿತು. ಬ್ಯಾಟರಿ ಟರ್ಮಿನಲ್ ಕಿತ್ತರೂ ಹೆಚ್ಚಿನ ಹಳೆಯ ಗಾಡಿಗಳಲ್ಲಿ ಹೋಯಿತು. ಹಾಗಾಗಿ ಮೊದಲು ಪೆನ್ನು ಹಿಡಿದು ಸ್ಟೋರ್ಡ್ ಕೋಡ್‌ಗಳು, ಪೆಂಡಿಂಗ್ ಕೋಡ್‌ಗಳು (ಇನ್ನೂ ದೀಪ ಹತ್ತಿಸದವು), ಫ್ರೀಜ್ ಫ್ರೇಮಿನ ಪ್ರತಿ ಸಾಲು ಬರೆದುಕೊಳ್ಳಿ, ಇಲ್ಲವೇ ಸ್ಕ್ಯಾನರಿನ ಪರದೆಯ ಫೋಟೋ ತೆಗೆದಿಡಿ.

ನನ್ನ ಗಾಡಿಯ ಫ್ರೀಜ್ ಫ್ರೇಮ್ ಹೀಗಿತ್ತು: 1400 ಆರ್‌ಪಿಎಂ, ಗಂಟೆಗೆ 18 ಕಿ.ಮೀ. ವೇಗ, ಲೋಡ್ ಶೇ. 80ಕ್ಕಿಂತ ಮೇಲೆ, ಕೂಲಂಟ್ 88 ಡಿಗ್ರಿ. ಅಂದರೆ ಬಿಸಿಯಾದ ಎಂಜಿನ್, ಏರಿನಲ್ಲಿ ಗಾಡಿ ಎಳೆಯುತ್ತಿದೆ. ಉತ್ತರ ಅಲ್ಲೇ ಇತ್ತು. ನಾನು ಎರಡು ಸಲವೂ ಅದನ್ನು ನೋಡದೆ ಅಳಿಸಿದ್ದೆ.

ಕೋಡ್ ಯಾವ ಬಗೆಯದು?

ಇಗ್ನಿಷನ್ ಕಡೆಯ ಕೋಡ್‌ಗಳಲ್ಲಿ ಎರಡು ಬಗೆ ಇವೆ, ಇವನ್ನು ಕಲಸಿಕೊಂಡರೆ ಹುಡುಕಾಟ ದಾರಿ ತಪ್ಪುತ್ತದೆ.

ಮೊದಲನೆಯದು ಪಿ0300ರ ಸಾಲು. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅಂದರೆ ಸರಿಯಾಗಿ ಉರಿಯುತ್ತಿಲ್ಲ, ಪಿ0302 ಅಂದರೆ ಎರಡನೆಯದು. ಬರೀ ಪಿ0300 ಅಂದರೆ ಒಂದೇ ಸಿಲಿಂಡರ್ ಅಂತ ಹೇಳಲಾಗದಂತೆ ಅಲ್ಲೊಮ್ಮೆ ಇಲ್ಲೊಮ್ಮೆ ಮಿಸ್ಸಿಂಗ್. ಇಸಿಯು ಇದನ್ನು ಕಂಡುಹಿಡಿಯುವುದು ಕಿಡಿ ನೋಡಿ ಅಲ್ಲ, ಕ್ರ್ಯಾಂಕ್ ಶಾಫ್ಟಿನ ಓಟ ನೋಡಿ. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕಿಗೆ ಒಂದು ನೂಕು ಸಿಗುತ್ತದೆ. ಆ ನೂಕು ಬರಬೇಕಾದ ಹೊತ್ತಿಗೆ ಬರದಿದ್ದರೆ ಕ್ರ್ಯಾಂಕ್ ಒಂದು ಕ್ಷಣ ನಿಧಾನವಾಗುತ್ತದೆ. ಅಷ್ಟರಿಂದಲೇ ತೀರ್ಮಾನ. ಕಿಡಿ ಇಲ್ಲದೆ ಉರಿಯಲಿಲ್ಲವೋ, ಪೆಟ್ರೋಲ್ ಬರದೆಯೋ, ಕಂಪ್ರೆಷನ್ ಇಲ್ಲದೆಯೋ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಎರಡನೆಯದು ಪಿ0351ರಿಂದ ಮುಂದಿನ ಸಾಲು. ಇದು ಶುದ್ಧ ಕರೆಂಟಿನ ದೂರು. ಕಾಯಿಲಿನ ಪ್ರೈಮರಿ (12 ವೋಲ್ಟಿನ ಕಡೆ) ಅಥವಾ ಸೆಕೆಂಡರಿ (ಪ್ಲಗ್ಗಿನ ಕಡೆ) ಸರ್ಕ್ಯೂಟಿನಲ್ಲಿ ತಾನು ನಿರೀಕ್ಷಿಸಿದ ಸಿಗ್ನಲ್ ಕಾಣಲಿಲ್ಲ ಅಂತ ಇಸಿಯು ಹೇಳುತ್ತಿದೆ. ಎ, ಬಿ, ಸಿ, ಡಿ ಅನ್ನುವ ಅಕ್ಷರಗಳನ್ನು ಕೆಲವರು ಸಿಲಿಂಡರ್ ಸಂಖ್ಯೆಯಂತೆ ಕೊಡುತ್ತಾರೆ, ಕೆಲವರು ಫೈರಿಂಗ್ ಆರ್ಡರಿನಂತೆ (ಸಿಲಿಂಡರುಗಳು ಉರಿಯುವ ಸರದಿಯಂತೆ). ‘ಬಿ’ ಅಂದರೆ ಎರಡನೇ ಸಿಲಿಂಡರೇ ಅಂತ ಡಯಾಗ್ರಾಮಿನಲ್ಲಿ ಖಾತ್ರಿ ಮಾಡಿಕೊಂಡೇ ಮುಂದುವರಿಯಿರಿ.

ಪಿ0335 ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಪಿ0340 ಕ್ಯಾಮ್ ಸೆನ್ಸರ್ ಸರ್ಕ್ಯೂಟ್. ಪಿ1ರಿಂದ ಶುರುವಾಗುವ ಕೋಡ್‌ಗಳಿಗೆ ಆಯಾ ತಯಾರಕರದೇ ಅರ್ಥ. ಒಂದು ಕಂಪನಿಯ ಅರ್ಥವನ್ನು ಇನ್ನೊಂದರ ಗಾಡಿಗೆ ಹಚ್ಚಬೇಡಿ.

ಹಲವು ಕೋಡ್ ಒಟ್ಟಿಗೆ ಬಂದಿದ್ದರೆ ಅವುಗಳ ಜೋಡಿ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ 1 ಮತ್ತು 4, ಅಥವಾ 2 ಮತ್ತು 3 ಜೊತೆಗೇ ಮಿಸ್ ಹೊಡೆದರೆ, ಮತ್ತು ಗಾಡಿಯಲ್ಲಿ ಎರಡು ಸಿಲಿಂಡರಿಗೊಂದು ಕಾಯಿಲ್ ಇದ್ದರೆ, ಆ ಕಾಯಿಲ್ ಕಡೆಗೆ ಬೆರಳು ಹೋಗುತ್ತದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಅಂದರೆ ನಡುವಿನ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು) ಬಗ್ಗೆ ಅನುಮಾನ ಇರಲಿ. ಎಲ್ಲ ಸಿಲಿಂಡರೂ ಅಂದರೆ ಒಂದೊಂದರದೇ ಆದ ಪ್ಲಗ್ಗು, ಕಾಯಿಲು ಬಿಡಿ. ಎಲ್ಲಕ್ಕೂ ಸಮಾನವಾದದ್ದನ್ನು, ಅಂದರೆ ಪೆಟ್ರೋಲ್ ಪ್ರೆಷರ್, ಗಾಳಿ ಸೋರಿಕೆ, ಕ್ರ್ಯಾಂಕ್ ಸೆನ್ಸರ್, ಕಾಯಿಲ್‌ಗಳ ಸಮಾನ ಫ್ಯೂಸ್ ಮತ್ತು ರಿಲೇಯನ್ನು ನೋಡಿ.

ದೀಪ ಸುಮ್ಮನೆ ಉರಿಯದೆ ಮಿಟುಕುತ್ತಿದ್ದರೆ ವಿಷಯ ಬೇರೆ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಅಂತ ಅರ್ಥ. ಒಳಗಿನ ಸೆರಾಮಿಕ್ ಜಾಲರಿ ಕರಗಿಹೋಗಬಹುದು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದು, ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಿ.

ಯಾವಾಗ ಮಿಸ್ ಹೊಡೆಯುತ್ತದೆ?

ಫ್ರೀಜ್ ಫ್ರೇಮಿನ ಜೊತೆ ನಿಮ್ಮ ನೆನಪನ್ನೂ ಸೇರಿಸಿ. ಏರಿನಲ್ಲಿ, ಟಾಪ್ ಗೇರಿನಲ್ಲಿ ರೇಸ್ ಕೊಟ್ಟಾಗ ಮಾತ್ರ ಜರ್ಕ್ ಬಂದರೆ ಕಿಡಿ ಬಡಕಲಾಗಿದೆ ಅಂತ ಮೊದಲ ಅನುಮಾನ. ಸಿಲಿಂಡರಿನಲ್ಲಿ ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಸಂದಿಯನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕು. ಐಡ್ಲಿಂಗಿನಲ್ಲಿ ಹೇಗೋ ಸಾಗಿಸುವ ಕಾಯಿಲ್ ಲೋಡಿನಲ್ಲಿ ಕೈಕೊಡುತ್ತದೆ. ಇದಕ್ಕೆ ತಿರುಗುಮುರುಗಾಗಿ, ಐಡ್ಲಿಂಗಿನಲ್ಲಿ ಮಾತ್ರ ನಡುಗಿ ರೇಸ್ ಕೊಟ್ಟರೆ ಸರಿಹೋದರೆ ಗಾಳಿ ಸೋರಿಕೆ ಅಥವಾ ತೆರೆದೇ ನಿಂತ ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವ್). ಮಳೆಯಲ್ಲಿ, ಥಂಡಿಯಲ್ಲಿ ಮಾತ್ರ ಅಂದರೆ ಹೈ ಟೆನ್ಷನ್ ಕರೆಂಟ್ ಎಲ್ಲೋ ಹೊರಗೆ ಸೋರುತ್ತಿದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಾತ್ರ ಅಂದರೆ ಕಾಯಿಲ್, ಕ್ರ್ಯಾಂಕ್ ಸೆನ್ಸರ್ ಅಥವಾ ವೈರು. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಒಂದೆರಡು ನಿಮಿಷ ಮಿಸ್ ಹೊಡೆದು ಸರಿಯಾಗುತ್ತಿದ್ದು, ಕೂಲಂಟ್ ಕೂಡ ನಿಧಾನಕ್ಕೆ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮುಂದೂಡಬೇಡಿ.

ಬ್ಯಾಟರಿ ಮತ್ತು ಅರ್ತಿಂಗ್

ಬೇಗ ಮುಗಿಯುವ ಕೆಲಸ, ಆದರೂ ಹೆಚ್ಚಿನವರು ಹಾರಿಸಿಬಿಡುತ್ತಾರೆ. ರಾತ್ರಿ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಹತ್ತಿರ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ 13.5ರಿಂದ 14.5. ಆಮೇಲೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಸ್ವಚ್ಛ ಲೋಹಕ್ಕೂ ಇಟ್ಟು, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ, ಎಂಜಿನ್ ಓಡುತ್ತಿರುವಾಗ ಓದಿ. 0.1 ವೋಲ್ಟ್‌ಗಿಂತ ಹೆಚ್ಚಿದ್ದರೆ ಅರ್ತಿಂಗ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿಯಿರಿ.

ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯಿರಿ

ಎಂಜಿನ್ ತಣ್ಣಗಾಗುವವರೆಗೆ ಕಾಯಿರಿ. ಬಿಸಿ ಅಲ್ಯೂಮಿನಿಯಂ ಹೆಡ್ಡಿನಿಂದ ಪ್ಲಗ್ ತಿರುಗಿಸಿದರೆ ಥ್ರೆಡ್ ಕಿತ್ತುಕೊಂಡು ಬರುವ ಅಪಾಯ ಇದೆ. ಕಾಯಿಲ್ ಎಳೆಯುವ ಮುನ್ನ ಅದರ ಸುತ್ತಲಿನ ದೂಳನ್ನು ಗಾಳಿಯಿಂದ ಊದಿ. ಇಲ್ಲದಿದ್ದರೆ ಪ್ಲಗ್ ತೆಗೆದ ತೂತಿನಿಂದ ಅದು ನೇರ ಸಿಲಿಂಡರಿಗೇ ಬೀಳುತ್ತದೆ. ಪ್ಲಗ್‌ಗಳನ್ನು ತೆಗೆದ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಸಾಲಾಗಿ ಇಡಿ.

ತುದಿಯ ಬಣ್ಣ ಎಲ್ಲರೂ ನೋಡುತ್ತಾರೆ. ತಿಳಿ ಕಂದು ಅಥವಾ ಬೂದು ಇದ್ದರೆ ಸರಿ. ಒಣ ಕಪ್ಪು ಮಸಿಯಾದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ಬಡಕಲು. ಒದ್ದೆ ಎಣ್ಣೆ ಇದ್ದರೆ ಪಿಸ್ಟನ್ ರಿಂಗು ಅಥವಾ ವಾಲ್ವ್ ಸೀಲು. ಪೆಟ್ರೋಲಿನಲ್ಲಿ ತೊಯ್ದಿದ್ದರೆ ಆ ಸಿಲಿಂಡರ್ ಉರಿಯುತ್ತಲೇ ಇಲ್ಲ. ಉಳಿದ ಮೂರೂ ಕಂದಾಗಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ ಅಲ್ಲಿಗೆ ಕೂಲಂಟ್ ನುಗ್ಗುತ್ತಿರಬಹುದು.

ನಾನು ಹೆಚ್ಚು ಹೊತ್ತು ನೋಡುವುದು ಮೇಲಿನ ಬಿಳಿ ಪಿಂಗಾಣಿಯನ್ನು. ಪ್ಲಗ್ಗನ್ನು ಬೆಳಕಿನಲ್ಲಿ ನಿಧಾನಕ್ಕೆ ತಿರುಗಿಸಿ. ಲೋಹದ ಷಟ್ಕೋನದಿಂದ ಮೇಲಿನ ಟರ್ಮಿನಲ್‌ವರೆಗೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ, ಅದು ಕಾರ್ಬನ್ ಟ್ರ್ಯಾಕ್. ಕರೆಂಟ್ ಪ್ಲಗ್ಗಿನ ತುದಿಗೆ ಹೋಗುವ ಬದಲು ಹೊರಮೈ ಮೇಲಿಂದಲೇ ಇಳಿದು ಹೋಗಿದೆ. ಉಗುರಿನಲ್ಲಿ ಕೆರೆದರೂ ಹೋಗುವುದಿಲ್ಲ. ಈಗ ಕಾಯಿಲಿನ ರಬ್ಬರ್ ಬೂಟಿನೊಳಗೆ ಟಾರ್ಚ್ ಬಿಡಿ. ಅದೇ ಗೆರೆಯ ಜೋಡಿ ಅಲ್ಲಿಯೂ ಇರುತ್ತದೆ. ಕೋಡ್ ಮರಳಿ ಬರುವುದಕ್ಕೆ ಇದೊಂದು ದೊಡ್ಡ ಕಾರಣ: ಪ್ಲಗ್ ಮಾತ್ರ ಹೊಸದು ಹಾಕಿದರೆ ಹಳೆಯ ಬೂಟಿನ ಗೆರೆ ಹೊಸ ಪ್ಲಗ್ಗಿಗೂ ಗೆರೆ ಎಳೆಯುತ್ತದೆ. ಬೂಟು ಮಾತ್ರ ಬದಲಿಸಿದರೆ ಪ್ಲಗ್ ಅದನ್ನು ಕೆಡಿಸುತ್ತದೆ. ಎರಡನ್ನೂ ಒಟ್ಟಿಗೇ ತೆಗೆಯಬೇಕು.

ಪ್ಲಗ್ ಕೂರುವ ಬಾವಿಯಲ್ಲಿ ಎಣ್ಣೆ ನಿಂತಿದೆಯೇ? ಹಾಗಿದ್ದರೆ ವಾಲ್ವ್ ಕವರಿನ ಗ್ಯಾಸ್ಕೆಟ್ಟೋ ಪ್ಲಗ್ ಟ್ಯೂಬಿನ ಸೀಲೋ ಹೋಗಿದೆ. ಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಸೀಲ್ ಬದಲಿಸದೆ ಹೊಸ ಕಾಯಿಲ್ ಹಾಕಿದರೆ ಅದೂ ಅದೇ ಎಣ್ಣೆಯಲ್ಲಿ ಮುಳುಗುತ್ತದೆ.

ಹೊಸ ಪ್ಲಗ್ ಹಾಕುವುದಾದರೆ ಮ್ಯಾನ್ಯುಯಲ್ ಹೇಳಿದ ನಂಬರಿನದೇ ಇರಲಿ. ಸಂದಿ ಸಾಮಾನ್ಯವಾಗಿ 0.7ರಿಂದ 1.1 ಮಿ.ಮೀ. ಒಳಗೆ ಇರುತ್ತದೆ, ನಿಮ್ಮ ಗಾಡಿಯದು ಎಷ್ಟೆಂದು ನೋಡಿ ಫೀಲರ್ ಗೇಜಿನಲ್ಲಿ ಅಳೆಯಿರಿ. ಸವೆದು ಸಂದಿ ಅಗಲವಾದ ಪ್ಲಗ್ ಕಾಯಿಲಿನಿಂದ ಹೆಚ್ಚು ವೋಲ್ಟೇಜ್ ಎಳೆಯುತ್ತದೆ, ಕಾಯಿಲ್ ಬೇಗ ಸಾಯುವುದು ಅದರಿಂದಲೇ. ಮೊದಲ ನಾಲ್ಕಾರು ಸುತ್ತು ಬೆರಳಿನಲ್ಲೇ ಹಾಕಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ ಮ್ಯಾನ್ಯುಯಲ್ಲಿನ ಅಂಕಿಯಷ್ಟೇ ಬಿಗಿಯಿರಿ. ಬೂಟಿನೊಳಗೆ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳ್ಳಗೆ ಸವರಿದರೆ ಮುಂದಿನ ಸಲ ಬಿಚ್ಚುವಾಗ ಬೂಟು ಹರಿಯುವುದಿಲ್ಲ.

ಅದಲು ಬದಲು ಪರೀಕ್ಷೆ

ಪ್ಲಗ್ಗಿಗೊಂದು ಕಾಯಿಲ್ ಇರುವ ಎಂಜಿನ್ನಿನಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಖರ್ಚೂ ಇಲ್ಲ. ದೂರು ಎರಡನೇ ಸಿಲಿಂಡರಿನ ಮೇಲಿದೆ ಅಂದುಕೊಳ್ಳಿ. ಅದರ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ. ಪ್ಲಗ್ ಮುಟ್ಟಬೇಡಿ. ಬರೆದಿಟ್ಟ ಮೇಲೆ ಕೋಡ್ ಅಳಿಸಿ, ಫ್ರೀಜ್ ಫ್ರೇಮಿನಲ್ಲಿದ್ದ ಪರಿಸ್ಥಿತಿಯಲ್ಲೇ ಗಾಡಿ ಓಡಿಸಿ. ದೂರು ಮೂರನೇ ಸಿಲಿಂಡರಿಗೆ ಹೋದರೆ ಕಾಯಿಲೇ ಕಳ್ಳ. ಎರಡರಲ್ಲೇ ಉಳಿದರೆ ಕಾಯಿಲ್ ನಿರಪರಾಧಿ. ಆಗ ಪ್ಲಗ್ಗನ್ನು ಅದಲು ಬದಲು ಮಾಡಿ, ಆಮೇಲೆ ಕೈಗೆಟುಕುವಂತಿದ್ದರೆ ಇಂಜೆಕ್ಟರನ್ನು. ಒಂದು ಸಲಕ್ಕೆ ಒಂದೇ. ಕಾಯಿಲ್ ಮತ್ತು ಪ್ಲಗ್ ಒಟ್ಟಿಗೆ ಸರಿಸಿದರೆ ಉತ್ತರ ಬಂದರೂ ಯಾವುದರ ಉತ್ತರ ಅಂತ ತಿಳಿಯುವುದಿಲ್ಲ.

ಓಮ್ ಮೀಟರಿನಲ್ಲಿ ಕಾಯಿಲ್ ಅಳೆಯುವ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಎರಡು ಪಿನ್ನಿನ ಸಾದಾ ಕಾಯಿಲಿನಲ್ಲಿ ಪ್ರೈಮರಿ ಒಂದು ಓಮ್ ಆಸುಪಾಸು, ಸೆಕೆಂಡರಿ ಸಾವಿರಗಟ್ಟಲೆ ಓಮ್ ಇರುತ್ತದೆ. ಪೂರ್ತಿ ಕಡಿದಿದ್ದರೆ ಗೊತ್ತಾಗುತ್ತದೆ. ಆದರೆ ಬಿಸಿಯಲ್ಲಿ, 30 ಸಾವಿರ ವೋಲ್ಟಿನಲ್ಲಿ ಒಳಗೇ ಸೋರುವ ಕಾಯಿಲ್ ಮೇಜಿನ ಮೇಲೆ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಒಳಗೇ ಇಗ್ನೈಟರ್ ಇರುವ ಮೂರು, ನಾಲ್ಕು ಪಿನ್ನಿನ ಕಾಯಿಲ್‌ಗಳಲ್ಲಿ ಈ ಅಳತೆಗೆ ಅರ್ಥವೇ ಇಲ್ಲ.

ವೈರು, ಕನೆಕ್ಟರು, ಮತ್ತು ಆ ಬಲ್ಬು

ಹಳೆಯ ಗಾಡಿಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ವರ್ಷಗಟ್ಟಲೆ ಎಂಜಿನ್ನಿನ ಮೇಲೆ ಬೆಂದ ವೈರಿನ ಹೊದಿಕೆ ಒಣ ಕಡ್ಡಿಯಂತಾಗಿರುತ್ತದೆ. ಕನೆಕ್ಟರಿನ ಲಾಕ್ ಹಲ್ಲು ಮುರಿದು, ಕೂತಂತೆ ಕಂಡರೂ ಅರ್ಧ ಮಿಲಿಮೀಟರ್ ಹಿಂದೆ ಸರಿದಿರುತ್ತದೆ. ಬಿಚ್ಚಿ ನೋಡಿ: ಪಿನ್ನಿನ ಮೇಲೆ ಹಸಿರು ಪುಡಿ ಇದೆಯೇ, ಯಾವುದಾದರೂ ಪಿನ್ ಹಿಂದಕ್ಕೆ ತಳ್ಳಿಹೋಗಿದೆಯೇ, ಹೆಣ್ಣು ಪಿನ್ನಿನ ಬಾಯಿ ಅಗಲವಾಗಿದೆಯೇ. ಮಲ್ಟಿಮೀಟರಿನ ದಪ್ಪ ಕಡ್ಡಿಯನ್ನು ಆ ಬಾಯಿಗೆ ತುರುಕಬೇಡಿ. ಅದರಿಂದಲೇ ಬಾಯಿ ಅಗಲವಾಗಿ ಲೂಸ್ ಕಾಂಟ್ಯಾಕ್ಟ್ ಆಗುತ್ತದೆ. ಕನೆಕ್ಟರಿನ ಹಿಂಭಾಗದಿಂದ, ವೈರಿನ ಪಕ್ಕದಲ್ಲಿ ತೆಳ್ಳನೆಯ ಪಿನ್ ಇಳಿಸಿ ಅಳೆಯಬೇಕು.

ಈಗ ಕರೆಂಟ್. ನನ್ನ ಗಾಡಿಯದು ಎರಡು ವೈರಿನ ಕಾಯಿಲ್: ಒಂದರಲ್ಲಿ ಇಗ್ನಿಷನ್ ರಿಲೇಯಿಂದ 12 ವೋಲ್ಟ್, ಇನ್ನೊಂದನ್ನು ಇಸಿಯು ಒಳಗಿಂದ ಅರ್ತಿಗೆ ಜೋಡಿಸಿ ಬಿಡುತ್ತದೆ. ಕನೆಕ್ಟರ್ ಬಿಚ್ಚಿ, ಕೀ ಹಾಕಿ, ಸಪ್ಲೈ ವೈರಿನಲ್ಲಿ ಮಲ್ಟಿಮೀಟರ್ ಇಟ್ಟಾಗ 12.3 ವೋಲ್ಟ್ ತೋರಿಸಿತು. ಬ್ಯಾಟರಿಯಲ್ಲಿ 12.5 ಇತ್ತು. ಇದರಲ್ಲಿ ತಪ್ಪು ಹುಡುಕಲು ಏನಿದೆ? ಹಿಂದೆ ಎರಡು ಸಲ ಇಲ್ಲಿಗೇ ನಿಲ್ಲಿಸಿ ‘ವೈರಿಂಗ್ ಸರಿ ಇದೆ’ ಅಂದುಕೊಂಡಿದ್ದೆ.

ಮಲ್ಟಿಮೀಟರ್ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ಹತ್ತಾರು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಕಾಯಿಲ್ ಹಾಗಲ್ಲ, ಪ್ರತಿ ಕಿಡಿಗೂ ಹಲವು ಆಂಪಿಯರ್ ಎಳೆಯುತ್ತದೆ. ಅದಕ್ಕೇ 21 ವ್ಯಾಟಿನ ಬಲ್ಬು. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಬಲ್ಬಿನ ಒಂದು ವೈರನ್ನು ಸಪ್ಲೈ ಪಿನ್ನಿಗೆ, ಇನ್ನೊಂದನ್ನು ಬ್ಯಾಟರಿ ನೆಗೆಟಿವ್‌ಗೆ ಕೊಟ್ಟು, ಬಲ್ಬ್ ಉರಿಯುವಾಗಲೇ ಅದೇ ಪಿನ್ನಿನಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಗಿಂತ ಅರ್ಧ ವೋಲ್ಟ್ ಕಡಿಮೆ ಬಂದರೆ ಒಪ್ಪಬಹುದು, ಅದಕ್ಕಿಂತ ಹೆಚ್ಚು ಇಳಿದರೆ ಎಲ್ಲೋ ತಡೆ ಇದೆ.

ನನ್ನ ಬಲ್ಬ್ ಪೂರ್ತಿ ಬೆಳಗಿತು. ನಿರಾಸೆಯಿಂದ ವೈರಿನ ಕಟ್ಟನ್ನು ಹಿಡಿದು ಮುಂದಕ್ಕೆ ಎಳೆದೆ. ಬಲ್ಬ್ ಕೆಂಡದಂತೆ ಮಂಕಾಯಿತು, ಮೀಟರ್ 7ಕ್ಕೆ ಬಿತ್ತು. ಬಿಟ್ಟೆ, ಮತ್ತೆ ಬೆಳಗಿತು. ಕಟ್ಟು ಒಂದು ಕಬ್ಬಿಣದ ಬ್ರ್ಯಾಕೆಟ್ ಮೇಲೆ ಬಾಗಿ ಹೋಗುವ ಕಡೆ ಟೇಪ್ ಬಿಚ್ಚಿದರೆ, ಹೊದಿಕೆಗೆ ಏನೂ ಆಗಿರಲಿಲ್ಲ. ಬೆರಳಿನಲ್ಲಿ ಒತ್ತಿದಾಗ ಮಾತ್ರ ಒಂದು ಕಡೆ ಒಳಗೆ ಟೊಳ್ಳೆನಿಸಿತು. ಸೀಳಿ ನೋಡಿದೆ. ತಾಮ್ರದ ಎಳೆಗಳೆಲ್ಲ ಕಪ್ಪಾಗಿ ಕಡಿದು, ಎರಡು ಎಳೆ ಮಾತ್ರ ಹಿಡಿದುಕೊಂಡಿದ್ದವು.

ಫ್ರೀಜ್ ಫ್ರೇಮ್ ಆಗ ಅರ್ಥವಾಯಿತು. ಏರಿನಲ್ಲಿ ಕೆಳ ಗೇರಿನಲ್ಲಿ ರೇಸ್ ಕೊಟ್ಟರೆ ಎಂಜಿನ್ ತನ್ನ ಮೌಂಟಿಂಗ್ ಮೇಲೆ ಒಂದು ಕಡೆಗೆ ವಾಲುತ್ತದೆ. ವಾಲಿದಾಗ ವೈರ್ ಎಳೆದುಕೊಳ್ಳುತ್ತಿತ್ತು. ಪ್ರತಿ ಸಲ ಹೊಸ ಕಾಯಿಲ್ ಹಾಕುವಾಗ ನಾನೇ ಆ ಕಟ್ಟನ್ನು ಸರಿಸಿ ಕೂರಿಸುತ್ತಿದ್ದೆ, ಹತ್ತು ದಿನ ಸರಿಯಾಗಿ ಓಡಲು ಅದೇ ಕಾರಣ.

ಬಲ್ಬನ್ನು ಸಪ್ಲೈ ಮತ್ತು ಅರ್ತಿಂಗ್ ವೈರುಗಳಿಗೆ ಮಾತ್ರ ಬಳಸಿ. ಇಸಿಯು ನಿಯಂತ್ರಿಸುವ ವೈರಿಗೆ ಬಲ್ಬ್ ಕೊಟ್ಟರೆ ಒಳಗಿನ ಟ್ರಾನ್ಸಿಸ್ಟರ್ ಸುಡಬಹುದು. ಎರಡು ಪಿನ್ನಿನ ಕಾಯಿಲಿನ ಆ ವೈರಿಗೆ ಎಲ್‌ಇಡಿ ಟೆಸ್ಟ್ ಲ್ಯಾಂಪ್ ಸರಿ: ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ಪಾಸಿಟಿವ್‌ಗೆ ಕೊಟ್ಟು, ಬಿಚ್ಚಿದ ಕನೆಕ್ಟರಿನ ಆ ಪಿನ್ನಿಗೆ ತುದಿ ಮುಟ್ಟಿಸಿ ಸೆಲ್ಫ್ ಹೊಡೆಯಿರಿ. ಮಿಟುಕಿದರೆ ಇಸಿಯು ತನ್ನ ಕೆಲಸ ಮಾಡುತ್ತಿದೆ. ಕಡಿದ ವೈರನ್ನು ಸುತ್ತಿ ಟೇಪ್ ಹಚ್ಚುವುದು ರಿಪೇರಿ ಅಲ್ಲ. ಕಪ್ಪಾದ ಭಾಗ ಪೂರ್ತಿ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತುಂಡು ಸೇರಿಸಿ, ಕ್ರಿಂಪ್ ಮಾಡಿ, ಹೀಟ್ ಶ್ರಿಂಕ್ ಹಾಕಿ, ಎಂಜಿನ್ ವಾಲಿದರೂ ಎಳೆಯದಷ್ಟು ಸಡಿಲ ಬಿಟ್ಟು ಕಟ್ಟಿ.

ಡಿಸ್ಟ್ರಿಬ್ಯೂಟರ್ ಇರುವ ಗಾಡಿ

ಕಾಯಿಲಿನ ಹೈ ವೋಲ್ಟೇಜನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವುದು ಡಿಸ್ಟ್ರಿಬ್ಯೂಟರ್. ಅದರ ಕ್ಯಾಪ್ ಬಿಚ್ಚಿ ಒಳಗೆ ಕೂದಲೆಳೆಯಂಥ ಬಿರುಕು, ಕಾರ್ಬನ್ ಗೆರೆ, ಸವೆದ ನಡುವಿನ ಕಾರ್ಬನ್ ಗುಂಡಿ, ರೋಟರಿನ ಸುಟ್ಟ ತುದಿ ನೋಡಿ. ಒಳಗೆ ತೇವ ಇದ್ದರೆ ಒರೆಸಿ. ಪ್ಲಗ್ ವೈರುಗಳ ಓಮ್ ಅಳೆದು, ಉದ್ದಕ್ಕೆ ತಕ್ಕಂತೆ ಒಂದನ್ನೊಂದು ಹೋಲಿಸಿ. ಒಂದು ಮಾತ್ರ ಎಲ್ಲಕ್ಕಿಂತ ತೀರಾ ಹೆಚ್ಚಿದ್ದರೆ ಅದನ್ನು ನಂಬಬೇಡಿ. ಕತ್ತಲಲ್ಲಿ ಎಂಜಿನ್ ಓಡಿಸಿ, ದೂರದಿಂದ ವೈರುಗಳ ಮೇಲೆ ನೀರಿನ ಮಂಜು ಹಾಯಿಸಿದರೆ ಸೋರುವ ಜಾಗದಲ್ಲಿ ನೀಲಿ ಕಿಡಿಗಳು ಕುಣಿಯುತ್ತವೆ. ಕೈ ಹತ್ತಿರ ಒಯ್ಯಬೇಡಿ.

ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್

ಕ್ರ್ಯಾಂಕ್ ಸೆನ್ಸರ್ ಕೈಕೊಟ್ಟರೆ ಕಿಡಿಯ ಹೊತ್ತೇ ಇಸಿಯುಗೆ ಗೊತ್ತಾಗುವುದಿಲ್ಲ. ಬಿಸಿಯಾದ ಗಾಡಿ ಓಡುತ್ತಾ ಓಡುತ್ತಾ ನಿಂತುಹೋಗಿ, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುವುದು ಇದರ ಹಳೆಯ ಚಾಳಿ. ಸೆಲ್ಫ್ ಹೊಡೆಯುವಾಗ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಆರ್‌ಪಿಎಂ ಸೊನ್ನೆಯಲ್ಲೇ ನಿಂತರೆ ಅನುಮಾನ ಗಟ್ಟಿ. ಸೆನ್ಸರಿನ ತುದಿಗೆ ಅಂಟಿದ ಲೋಹದ ಪುಡಿ, ಮುರಿದ ಹಲ್ಲಿನ ಚಕ್ರ ನೋಡಿ. ಬದಲಿಸಿದ ಮೇಲೆ ಕೆಲವು ಗಾಡಿಗಳಲ್ಲಿ ಸ್ಕ್ಯಾನರಿನಿಂದ ಕ್ರ್ಯಾಂಕ್ ರಿಲರ್ನ್ ಮಾಡಬೇಕು, ಅಂದರೆ ಹೊಸ ಸೆನ್ಸರಿನ ಸಿಗ್ನಲನ್ನು ಇಸಿಯುಗೆ ಮತ್ತೆ ಕಲಿಸಬೇಕು. ಅದನ್ನು ಬಿಟ್ಟರೆ ಇಲ್ಲದ ಮಿಸ್‌ಫೈರನ್ನೂ ಇಸಿಯು ಇದೆ ಅಂತ ಬರೆದುಕೊಳ್ಳಬಹುದು.

ಕಿಡಿ ಸರಿ ಇದ್ದೂ ಮಿಸ್ ಹೊಡೆದರೆ

ಪಿ0300ರ ಸಾಲಿನ ಕೋಡಿಗೆ ಮಾತ್ರ ಈ ಭಾಗ. ಸ್ಪಾರ್ಕ್ ಟೆಸ್ಟರಿನಲ್ಲಿ ಕಿಡಿ ಗಟ್ಟಿಯಾಗಿ ಬಂದರೆ ಪೆಟ್ರೋಲ್, ಗಾಳಿ, ಕಂಪ್ರೆಷನ್ ಮೂರು ಉಳಿದವು.

ಲೈವ್ ಡೇಟಾದಲ್ಲಿ ಶಾರ್ಟ್ ಮತ್ತು ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಕೂಡಿಸಿ ನೋಡಿ. ಐಡ್ಲಿಂಗಿನಲ್ಲಿ ಶೇ. 15, 20 ಹೆಚ್ಚಿದ್ದು 2500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ: ಒಡೆದ ವ್ಯಾಕ್ಯೂಮ್ ಪೈಪು, ಇನ್‌ಟೇಕ್ ಗ್ಯಾಸ್ಕೆಟ್. ಐಡ್ಲಿಂಗಿನಲ್ಲಿ ಸರಿಯಿದ್ದು ಲೋಡ್ ಬಿದ್ದಂತೆ ಏರಿದರೆ ಪಂಪ್ ಅಥವಾ ಫಿಲ್ಟರ್ ಸಾಕಷ್ಟು ಪೆಟ್ರೋಲ್ ಕೊಡುತ್ತಿಲ್ಲ. ಇಲ್ಲೊಂದು ಮೋಸ ಇದೆ. ಕಿಡಿ ತಪ್ಪಿದ ಸಿಲಿಂಡರಿನಿಂದ ಬಳಕೆಯಾಗದ ಆಕ್ಸಿಜನ್ ಹಾಗೆಯೇ ಸೈಲೆನ್ಸರ್ ಕಡೆಗೆ ಹೋಗುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆ ಅಂತ ತಿಳಿಯುತ್ತದೆ, ಟ್ರಿಮ್ ಏರುತ್ತದೆ. ಅದಕ್ಕೇ ಇಗ್ನಿಷನ್ ಮೊದಲು ಮುಗಿಸಿಕೊಂಡು ಇಲ್ಲಿಗೆ ಬರಬೇಕು ಅನ್ನುವುದು.

ಕಂಪ್ರೆಷನ್ ಪರೀಕ್ಷೆಗೆ ಎಂಜಿನ್ ಬೆಚ್ಚಗಿರಲಿ. ಇಂಜೆಕ್ಟರ್ ಮತ್ತು ಕಾಯಿಲ್‌ಗಳ ಫ್ಯೂಸ್ ತೆಗೆದು, ಎಲ್ಲ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿಗೂ ಒಂದೇ ಸಮನಾಗಿ ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ತೀರಾ ಕಡಿಮೆ ಬಂದದ್ದು ತೀರಾ ಹೆಚ್ಚು ಬಂದದ್ದರ ಮುಕ್ಕಾಲು ಪಾಲಿಗಿಂತ ಕೆಳಗಿದ್ದರೆ ತೊಂದರೆ ಎಂಜಿನ್ನಿನ ಒಳಗಿದೆ. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಇಸಿಯು ಕೆಟ್ಟಿದೆ ಅನ್ನುವ ಮಾತು ಇಷ್ಟೆಲ್ಲ ಆದ ಮೇಲಿನದು. ಸಪ್ಲೈ ಸರಿ, ಅರ್ತಿಂಗ್ ಸರಿ, ಇಸಿಯುವರೆಗಿನ ವೈರ್ ತುದಿಯಿಂದ ತುದಿಗೆ ಸರಿ, ಆದರೂ ಎಲ್‌ಇಡಿ ಮಿಟುಕುವುದಿಲ್ಲ, ಉಳಿದ ಮೂರು ಸಿಲಿಂಡರಿನಲ್ಲಿ ಮಿಟುಕುತ್ತದೆ ಅಂದರೆ ಮಾತ್ರ. ಹಾಗಾಗಿದ್ದರೆ ಅದನ್ನು ಸುಟ್ಟಿದ್ದು ಶಾರ್ಟ್ ಆದ ಕಾಯಿಲಿರಬಹುದು. ಹಳೆಯ ಕಾಯಿಲ್ ಉಳಿಸಿಕೊಂಡು ಹೊಸ ಇಸಿಯು ಹಾಕಬೇಡಿ.

ಸರಿಯಾಯಿತೇ ಅಂತ ತಿಳಿಯುವುದು

ಕೋಡ್ ಅಳಿಸಿ, ಮನೆಯ ಸುತ್ತ ಒಂದು ಸುತ್ತು ಹಾಕಿ, ದೀಪ ಬರಲಿಲ್ಲ ಅಂದರೆ ಏನೂ ಸಾಬೀತಾಗಲಿಲ್ಲ. ಫ್ರೀಜ್ ಫ್ರೇಮಿನ ಪರಿಸ್ಥಿತಿಯನ್ನೇ ಮತ್ತೆ ತರಬೇಕು. ಓಬಿಡಿ-2ರ ನಿಯಮದಲ್ಲಿ ಮಿಸ್‌ಫೈರ್ ಕೋಡಿಗೆ ‘ಅದೇ ಪರಿಸ್ಥಿತಿ’ ಅಂದರೆ ಆರ್‌ಪಿಎಂ 375ರ ಆಚೀಚೆ, ಲೋಡ್ ಶೇ. 20ರ ಆಚೀಚೆ, ಎಂಜಿನ್ ಅಷ್ಟೇ ಬಿಸಿ. ನಾನು ಅದೇ ಏರಿನಲ್ಲಿ, ಅದೇ ಗೇರಿನಲ್ಲಿ, 1400 ಆರ್‌ಪಿಎಂನಿಂದ ಪೂರ್ತಿ ರೇಸ್ ಕೊಟ್ಟು ಐದು ಸಲ ಹತ್ತಿಸಿದೆ. ಪ್ರತಿ ಸಲ ಕೆಳಗಿಳಿದು ಪೆಂಡಿಂಗ್ ಕೋಡ್ ನೋಡಿದೆ. ದೀಪ ಹತ್ತುವ ಮುಂಚೆಯೇ ದೋಷ ಅಲ್ಲಿ ತಲೆಹಾಕುತ್ತದೆ.

ಕೋಡನ್ನು ನೀವು ಅಳಿಸದೆ ಬಿಟ್ಟರೆ, ಸತತ ಮೂರು ಓಟದಲ್ಲಿ ದೋಷ ಕಾಣದಿದ್ದಾಗ ದೀಪ ತಾನೇ ಆರುತ್ತದೆ. ಕೋಡ್ ಮಾತ್ರ ನೆನಪಿನಲ್ಲಿ ಉಳಿದು, 40 ವಾರ್ಮ್‌ಅಪ್ ಆದ ಮೇಲೆ ಅಳಿಯುತ್ತದೆ. ಎಂಜಿನ್ ಕನಿಷ್ಠ 22 ಡಿಗ್ರಿ ಬಿಸಿಯೇರಿ 70 ಡಿಗ್ರಿ ದಾಟಿದರೆ ಒಂದು ವಾರ್ಮ್‌ಅಪ್. ಹೊಗೆ ತಪಾಸಣೆಗೆ ಗಾಡಿ ಒಯ್ಯುವುದಿದ್ದರೆ ಅಳಿಸಿದ ತಕ್ಷಣ ಹೋಗಬೇಡಿ. ರೆಡಿನೆಸ್ ಮಾನಿಟರುಗಳೂ (ಇಸಿಯು ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯೇ ಅನ್ನುವ ಗುರುತುಗಳು) ಸೊನ್ನೆಯಾಗಿರುತ್ತವೆ, ಅವು ತುಂಬಲು ಕೆಲವು ದಿನದ ಓಡಾಟ ಬೇಕು.

ಮೊದಲ ಸಲ ಕಿತ್ತು ಮೂಲೆಗೆ ಎಸೆದಿದ್ದ ಮೂಲ ಕಾಯಿಲನ್ನು ಹುಡುಕಿ ತಂದು ಮತ್ತೆ ಎರಡನೇ ಸಿಲಿಂಡರಿಗೇ ಹಾಕಿದ್ದೇನೆ. ಈಗಲೂ ಅದರಲ್ಲೇ ಓಡುತ್ತಿದೆ. ಹೊಸ ಎರಡು ಡಿಕ್ಕಿಯಲ್ಲಿವೆ, ಅದಲು ಬದಲು ಪರೀಕ್ಷೆಗೆ ಬೇಕಾದೀತು ಅಂತ.